ಕೊಂಬಿನ ತೊರಕೆ: ಅದರ ಸಂತಾನ ಮತ್ತು ಹಂಗಾಮು

(ಕರಾವಳಿಯ ಮೀನುಗಾರರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೂತಾಯಿ, ಬಂಗುಡೆ, ಅಂಜಲ್ ಮೀನುಗಳ ವಿಷಯವನ್ನು ನೀವು ಇಂತಹ ಶಿಬಿರಗಳಲ್ಲಿ ಅನೇಕ ಸಲ ಕೇಳಿದ್ದೀರಿ. ಇಂದು ನಾನು ಮಾತನಾಡಬೇಕೆಂದಿರುವುದು ಯಾರೂ ಬೇಕೆಂದು ಹಿಡಿಯಲು ಹೋಗದ, ಆದರೆ ತಾನಾಗಿ ಬಲೆಗೆ ಬಂದು ಬೀಳುವ ಒಂದು ದೊಡ್ಡ ಮೀನಿನ ಬಗ್ಗೆ. ತಲೆಯ ಮುಂದೆ ಎರಡು ಕೊಂಬಿನಂತಹ ಅಂಗಗಳುಳ್ಳ ತೊರಕೆಯನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಆ ಕೊಂಬುಗಳನ್ನು ನೋಡಿಯೇ ಪಾಶ್ಚಾತ್ಯ ನಾವಿಕರು ಇದಕ್ಕೆ ದೆವ್ವದ ತೊರಕೆ ಎಂದು ಹೆಸರಿಟ್ಟರು. ನಾವು ಇಲ್ಲಿ ಕೊಂಬಿನ ತೊರಕೆ ಎಂದೇ ಕರೆಯೋಣ.

ಕೆಲವು ವರ್ಷಗಳ ಹಿಂದೆ ಒಂದು ಬಂದರಿನಲ್ಲಿ ಇಂತಹ ತೊರಕೆಯೊಂದನ್ನು ಕಡಿಯುವಾಗ ನಾನು ಹತ್ತಿರ ನಿಂತಿದ್ದೆ. ಹೊಟ್ಟೆ ಸೀಳಿದಾಗ ಒಳಗಿನಿಂದ ಒಂದು ಮರಿ ಜಾರಿ ಹೊರಬಂತು. ರೆಕ್ಕೆಗಳೆರಡೂ ಮೈಗೆ ಸುತ್ತಿಕೊಂಡು, ಬಾಳೆಯ ಸುಳಿಯಂತೆ ಮಡಿಚಿಕೊಂಡಿತ್ತು. ಪಕ್ಕದಲ್ಲಿದ್ದ ಹಿರಿಯ ತಾಂಡೇಲರು ಹೊಟ್ಟೆಯೊಳಗೆ ಮತ್ತೊಮ್ಮೆ ಕೈಹಾಕಿ ನೋಡಿ, "ಮೇಷ್ಟ್ರೇ, ಇಷ್ಟು ದೊಡ್ಡ ಮೀನಿಗೆ ಒಂದೇ ಮರಿಯಾ?" ಎಂದು ಕೇಳಿದರು. ಹೌದು, ಒಂದೇ. ಇಂದಿನ ನನ್ನ ಉಪನ್ಯಾಸವೆಲ್ಲ ಆ ಒಂದು ಪ್ರಶ್ನೆಗೆ ವಿವರವಾದ ಉತ್ತರ ಎಂದು ತಿಳಿದರೂ ತಪ್ಪಾಗದು.

ಗುರುತಿಸುವುದು ಹೇಗೆ?

ಸಾಮಾನ್ಯ ತೊರಕೆಗಳು ಸಮುದ್ರದ ತಳದ ಮರಳು, ಕೆಸರಿನಲ್ಲಿ ಮಲಗಿರುತ್ತವೆ. ಕೊಂಬಿನ ತೊರಕೆ ಹಾಗಲ್ಲ. ಅದು ಹಕ್ಕಿಯಂತೆ ರೆಕ್ಕೆ ಬಡಿಯುತ್ತ ನೀರಿನ ಮೇಲುಭಾಗದಲ್ಲಿ ಈಜುತ್ತದೆ. ಕೆಲವೊಮ್ಮೆ ನೀರಿನಿಂದ ಮೇಲಕ್ಕೆ ಹಾರಿ, ಹೊಟ್ಟೆ ಅಡಿಯಾಗಿ ಬೀಳುತ್ತದೆ.

ಈ ಕುಟುಂಬದಲ್ಲಿ ಸುಮಾರು 10 ಜಾತಿಗಳಿವೆ. ಎಲ್ಲಕ್ಕಿಂತ ದೊಡ್ಡದಾದ ಮಾಂಟಾ ತೊರಕೆ ರೆಕ್ಕೆಯ ತುದಿಯಿಂದ ತುದಿಗೆ 7 ಮೀಟರಿನವರೆಗೆ ಬೆಳೆಯಬಲ್ಲದು. ಸಣ್ಣ ಜಾತಿಗಳು ಒಂದು ಮೀಟರಿಗಿಂತ ಸ್ವಲ್ಪ ಅಗಲ, ಅಷ್ಟೆ. ಹಿಂದೆ ಮಾಂಟಾಗಳನ್ನು ಬೇರೆ ಗುಂಪಿಗೆ ಸೇರಿಸಿದ್ದರು. 2018ರ ಸುಮಾರಿಗೆ ಆನುವಂಶಿಕ ಪರೀಕ್ಷೆಗಳ ಆಧಾರದ ಮೇಲೆ ಎಲ್ಲವನ್ನೂ ಮೊಬುಲಾ ಎಂಬ ಒಂದೇ ಗುಂಪಿಗೆ ಸೇರಿಸಲಾಯಿತು. ಇವೆರಡನ್ನು ಬೇರ್ಪಡಿಸಿ ಗುರುತಿಸಲು ಸುಲಭವಾದ ಉಪಾಯ ಬಾಯಿಯನ್ನು ನೋಡುವುದು. ಮಾಂಟಾದ ಬಾಯಿ ತಲೆಯ ತೀರ ಮುಂದುಗಡೆ ಇರುತ್ತದೆ. ಉಳಿದ ಕೊಂಬಿನ ತೊರಕೆಗಳ ಬಾಯಿ ತಲೆಯ ಅಡಿಭಾಗದಲ್ಲಿ ಇರುತ್ತದೆ.

ಗಂಡು ಹೆಣ್ಣುಗಳನ್ನು ಗುರುತಿಸುವುದೂ ಕಷ್ಟವಲ್ಲ. ಮೀನನ್ನು ಮಗುಚಿ ಬಾಲದ ಬುಡವನ್ನು ನೋಡಿರಿ. ಎರಡು ಪಕ್ಕದಲ್ಲೂ ಬೆರಳಿನಂತಹ ಒಂದೊಂದು ಅಂಗವಿದ್ದರೆ ಅದು ಗಂಡು. ಆ ಬೆರಳುಗಳು ಗಟ್ಟಿಯಾಗಿ ಉದ್ದವಾಗಿದ್ದರೆ ಬಲಿತ ಗಂಡು. ಮೆತ್ತಗೆ ಚಿಕ್ಕದಾಗಿದ್ದರೆ ಎಳೆಯದು. ಬೆರಳುಗಳಿಲ್ಲದಿದ್ದರೆ ಹೆಣ್ಣು. ಸಾಮಾನ್ಯವಾಗಿ ಹೆಣ್ಣು ಗಂಡಿಗಿಂತ ದೊಡ್ಡದು.

ಆಹಾರ

ಗಾತ್ರ ಆನೆಯಂತಿದ್ದರೂ ಇದರ ಆಹಾರ ಅತಿ ಸಣ್ಣದು. ನೀರಿನಲ್ಲಿ ತೇಲುವ ಪ್ಲವಕ ಜೀವಿಗಳು ಹಾಗೂ ಸಿಗಡಿಯನ್ನು ಹೋಲುವ ಚಿಕ್ಕ ಚಿಕ್ಕ ಪ್ರಾಣಿಗಳೇ ಇದರ ಮೇವು. ಕೊಂಬಿನಂತಹ ಅಂಗಗಳು ಚುಚ್ಚಲು ಇರುವವಲ್ಲ. ನೀರನ್ನು ಬಾಯಿಯ ಕಡೆಗೆ ತಿರುಗಿಸುವ ಅಗಸೆಗಳು ಅವು. ಬಾಯಿಗೆ ಹೊಕ್ಕ ನೀರು ಕಿವಿರಿನ ಮೂಲಕ ಹೊರಹೋಗುವಾಗ, ಅಲ್ಲಿರುವ ಬಾಚಣಿಗೆಯಂತಹ ಜಾಲರಿ ಮೇವನ್ನು ಸೋಸಿ ಹಿಡಿಯುತ್ತದೆ. ಈ ಜಾಲರಿಯೇ ಇದರ ಬದುಕಿಗೆ ಆಧಾರ. ಮುಂದೆ ಹೇಳುವಂತೆ ಇದರ ಸಾವಿಗೂ ಅದೇ ಕಾರಣವಾಗಿದೆ.

ಬೆದೆ ಮತ್ತು ಕೂಡುವಿಕೆ

ಬೂತಾಯಿ, ಬಂಗುಡೆಗಳಲ್ಲಿ ಹೆಣ್ಣು ನೀರಿನಲ್ಲಿ ಮೊಟ್ಟೆ ಬಿಡುತ್ತದೆ. ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ಒಂದು ಹೆಣ್ಣಿನಿಂದ ಹತ್ತಾರು ಸಾವಿರ ಮೊಟ್ಟೆಗಳು. ಬಹುಪಾಲು ಹಾಳಾದರೂ ಉಳಿದ ಕೆಲವೇ ಮೊಟ್ಟೆಗಳಿಂದ ಮತ್ತೆ ಸಮುದ್ರ ತುಂಬುತ್ತದೆ. ಇದು ರಾಗಿ ಬಿತ್ತಿದ ಹಾಗೆ. ಕೊಂಬಿನ ತೊರಕೆಯ ರೀತಿ ಬೇರೆ. ಅದು ಕೊಟ್ಟಿಗೆಯ ಹಸುವಿನ ಹಾಗೆ. ಹೆಣ್ಣು ಬೆದೆಗೆ ಬರಬೇಕು, ಗಂಡು ಕೂಡಬೇಕು, ಗಬ್ಬ ನಿಲ್ಲಬೇಕು, ತಿಂಗಳುಗಟ್ಟಲೆ ಹೊರಬೇಕು, ಆ ಮೇಲೆ ಒಂದು ಮರಿ.

ಹೆಣ್ಣು ಬೆದೆಗೆ ಬಂದಾಗ ಗಂಡುಗಳು ಅದರ ಬೆನ್ನು ಹತ್ತುತ್ತವೆ. ಮಾಂಟಾಗಳಲ್ಲಿ ಒಂದು ಹೆಣ್ಣಿನ ಹಿಂದೆ ಕೆಲವೊಮ್ಮೆ ಹತ್ತಕ್ಕೂ ಹೆಚ್ಚು ಗಂಡುಗಳು ರೈಲಿನ ಡಬ್ಬಿಗಳಂತೆ ಸಾಲಾಗಿ ಸಾಗುವುದನ್ನು ಮುಳುಗುಗಾರರು ಕಂಡಿದ್ದಾರೆ. ಹೆಣ್ಣು ತಿರುಗಿದ ಕಡೆಗೆ ಸಾಲೆಲ್ಲ ತಿರುಗುತ್ತದೆ. ಈ ಓಟದಲ್ಲಿ ಕೊನೆಯವರೆಗೆ ಉಳಿದ ಗಂಡು ಹೆಣ್ಣಿನ ರೆಕ್ಕೆಯ ತುದಿಯನ್ನು, ಅದರಲ್ಲೂ ಹೆಚ್ಚಾಗಿ ಎಡರೆಕ್ಕೆಯ ತುದಿಯನ್ನು, ಬಾಯಿಯಲ್ಲಿ ಕಚ್ಚಿ ಹಿಡಿಯುತ್ತದೆ. ಆ ಮೇಲೆ ಹೆಣ್ಣಿನ ಅಡಿಗೆ ಸರಿದು ಹೊಟ್ಟೆಗೆ ಹೊಟ್ಟೆ ಸೇರಿಸುತ್ತದೆ. ಕೂಡುವಿಕೆ ಒಂದೆರಡು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಕಚ್ಚಿದ ಗುರುತು ಮಾತ್ರ ಹೆಣ್ಣಿನ ರೆಕ್ಕೆಯ ಮೇಲೆ ಬಹುಕಾಲ ಉಳಿಯುತ್ತದೆ. ಆದ್ದರಿಂದ ಬಲೆಗೆ ಬಿದ್ದ ಹೆಣ್ಣಿನ ಎಡರೆಕ್ಕೆಯ ತುದಿಯಲ್ಲಿ ಗಾಯದ ಕಲೆ ಕಂಡರೆ ಅದು ಬಲಿತು ಗಂಡಿನೊಡನೆ ಕೂಡಿದ ಹೆಣ್ಣು ಎಂದು ಊಹಿಸಬಹುದು.

ಗಬ್ಬ ಮತ್ತು ಮರಿ

ಹೆಣ್ಣಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಹಾಗೂ ಎಡಗಡೆಯ ಗರ್ಭಕೋಶ ಮಾತ್ರ ಕೆಲಸ ಮಾಡುತ್ತವೆ. ಮರಿ ಮೊದಲು ಮೊಟ್ಟೆಯ ಹಳದಿಯನ್ನು ತಿಂದು ಬೆಳೆಯುತ್ತದೆ. ಅದು ಮುಗಿದ ಮೇಲೆ ಗರ್ಭಕೋಶದ ಒಳಗೋಡೆಯಿಂದ ಹಾಲಿನಂತಹ ಪೌಷ್ಟಿಕ ದ್ರವ ಒಸರುತ್ತದೆ; ಮರಿ ಅದನ್ನೇ ಕುಡಿದು ಬೆಳೆಯುತ್ತದೆ. ಹಸು ಕರು ಹಾಕಿದ ಮೇಲೆ ಹಾಲು ಕೊಟ್ಟರೆ, ಈ ತಾಯಿ ಹೊಟ್ಟೆಯೊಳಗೇ ಹಾಲು ಕುಡಿಸುತ್ತದೆ. ಮರಿ ಹುಟ್ಟಿದ ಮೇಲೆ ತಾಯಿಯ ಪೋಷಣೆ ಇಲ್ಲ. ಮಡಿಚಿದ ರೆಕ್ಕೆಯನ್ನು ಬಿಚ್ಚಿಕೊಂಡು ತನ್ನ ಮೇವನ್ನು ತಾನೇ ಹುಡುಕಿಕೊಳ್ಳಬೇಕು. ಇದಕ್ಕಾಗಿಯೇ ಮರಿ ಬಹಳ ದೊಡ್ಡದಾಗಿ ಹುಟ್ಟುತ್ತದೆ. ಮಾಂಟಾದ ಮರಿ ಹುಟ್ಟುವಾಗಲೇ ಒಂದು ಮೀಟರಿಗಿಂತ ಹೆಚ್ಚು ಅಗಲವಿರುತ್ತದೆ.

ಗಬ್ಬದ ಅವಧಿ ಎಷ್ಟು ಎಂಬುದು ಜಪಾನಿನ ಒಕಿನಾವಾ ದ್ವೀಪದ ಮತ್ಸ್ಯಾಲಯದಲ್ಲಿ ಖಚಿತವಾಗಿ ತಿಳಿದುಬಂತು. ಅಲ್ಲಿನ ದೊಡ್ಡ ತೊಟ್ಟಿಯಲ್ಲಿ 2006ರಲ್ಲಿ ಕೂಡಿದ ಮಾಂಟಾ 2007ರ ಜೂನಿನಲ್ಲಿ ಮರಿ ಹಾಕಿತು. ಅಂದರೆ ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು. ಮರಿ ಹಾಕಿದ ಬೆನ್ನಲ್ಲೇ ಅದು ಮತ್ತೆ ಗಂಡಿನೊಡನೆ ಕೂಡಿ, 2008ರಲ್ಲಿ ಇನ್ನೊಂದು ಮರಿ ಹಾಕಿತು.

ಇದನ್ನು ಕೇಳಿ ವರ್ಷಕ್ಕೊಂದು ಮರಿ ಖಂಡಿತ ಎಂದು ಭಾವಿಸಬೇಡಿ. ತೊಟ್ಟಿಯಲ್ಲಿ ದಿನವೂ ಹೊಟ್ಟೆ ತುಂಬ ಮೇವು ಸಿಗುತ್ತದೆ. ಸಮುದ್ರದಲ್ಲಿ ಹಾಗಿಲ್ಲ. ಮಾಲ್ಡೀವ್ಸ್ ದ್ವೀಪಗಳಲ್ಲಿ ಮಾಂಟಾಗಳ ಹೊಟ್ಟೆಯ ಮೇಲಿನ ಚುಕ್ಕೆಗಳ ವಿನ್ಯಾಸದಿಂದ ಒಂದೊಂದನ್ನೂ ಗುರುತಿಸಿ, ವರ್ಷ ವರ್ಷವೂ ಲೆಕ್ಕವಿಟ್ಟಿದ್ದಾರೆ. ಅಲ್ಲಿ ಒಂದು ಹೆಣ್ಣು ಸರಾಸರಿ 4ರಿಂದ 7 ವರ್ಷಕ್ಕೆ ಒಂದು ಮರಿ ಹಾಕುತ್ತದೆ ಎಂದು ಅಂದಾಜಾಗಿದೆ. ಮೇವು ಸಾಲದ ಹಸು ಬೆದೆಗೆ ಬರುವುದು ತಡವಾಗುವುದನ್ನು ನೀವು ಮನೆಯಲ್ಲೇ ಕಂಡಿದ್ದೀರಿ. ಇಲ್ಲಿಯೂ ಮೇವು ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಮೇಲಾಗಿ ಮಾಂಟಾ ಹೆಣ್ಣು ಮೊದಲ ಗಬ್ಬಕ್ಕೆ ಬರಲು ಎಂಟು ಹತ್ತು ವರ್ಷವಾದರೂ ಬೇಕು. ಮನೆಯ ಹಸು ಅಷ್ಟರಲ್ಲಿ ಐದಾರು ಕರು ಹಾಕಿರುತ್ತದೆ.

ಹಂಗಾಮು: ಮಾಲ್ಡೀವ್ಸಿನ ಉದಾಹರಣೆ

ಈಗ ಇವು ಯಾವ ಕಾಲದಲ್ಲಿ ಎಲ್ಲಿ ಸೇರುತ್ತವೆ ಎಂಬ ವಿಷಯಕ್ಕೆ ಬರೋಣ. ನಮ್ಮ ಹೊಲಕ್ಕೆ ಮಳೆ ತರುವ ಗಾಳಿಯೇ ಅರಬ್ಬೀ ಸಮುದ್ರದ ದಕ್ಷಿಣಕ್ಕಿರುವ ಮಾಲ್ಡೀವ್ಸಿನಲ್ಲೂ ಬೀಸುತ್ತದೆ. ಆದ್ದರಿಂದ ಅಲ್ಲಿನ ಉದಾಹರಣೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಮುಂಗಾರು ಗಾಳಿ ನೈಋತ್ಯದಿಂದ ಬೀಸುವಾಗ ನೀರಿನ ಸೆಳವು ದ್ವೀಪಗಳನ್ನು ದಾಟಿ ಪೂರ್ವಕ್ಕೆ ಹರಿಯುತ್ತದೆ. ತಡೆ ಸಿಕ್ಕಿದ ಸೆಳವು ಆಳದ ಸತ್ವವುಳ್ಳ ನೀರನ್ನು ಮೇಲೆಬ್ಬಿಸುತ್ತದೆ. ಪ್ಲವಕ ಬೆಳೆದು ದ್ವೀಪಗಳ ಪೂರ್ವದ ಪಕ್ಕದಲ್ಲಿ ಒಟ್ಟಾಗುತ್ತದೆ. ಮಾಂಟಾಗಳು ಆ ಕಾಲದಲ್ಲಿ ಪೂರ್ವದ ಪಕ್ಕದಲ್ಲೇ ಇರುತ್ತವೆ. ಡಿಸೆಂಬರಿನ ಹೊತ್ತಿಗೆ ಈಶಾನ್ಯದ ಗಾಳಿ ಬಂದು ಸೆಳವು ಪಶ್ಚಿಮಕ್ಕೆ ತಿರುಗಿದಾಗ ಮೇವೂ ಪಶ್ಚಿಮದ ಪಕ್ಕಕ್ಕೆ ಹೋಗುತ್ತದೆ. ಮಾಂಟಾಗಳೂ ಹಿಂದೆಯೇ ಹೋಗುತ್ತವೆ. ಮೇವು ಇದ್ದಲ್ಲಿಗೆ ಕುರಿಮಂದೆ ಹೊಡೆದುಕೊಂಡು ಹೋಗುವ ಕುರುಬರ ವಲಸೆಯನ್ನು ಇದಕ್ಕೆ ಹೋಲಿಸಬಹುದು.

ಅಲ್ಲಿನ ಬಾ ಎಂಬ ದ್ವೀಪ ಸಮೂಹದಲ್ಲಿ ಹನಿಫಾರು ಎಂಬ ಪುಟ್ಟ ಕೊಲ್ಲಿಯಿದೆ. ಮುಂಗಾರಿನ ತಿಂಗಳುಗಳಲ್ಲಿ ಸೆಳವು ಮತ್ತು ಉಬ್ಬರ ಕೂಡಿಬಂದ ದಿನ ಮೇವು ಆ ಕೊಲ್ಲಿಯಲ್ಲಿ ಸಿಕ್ಕಿಬೀಳುತ್ತದೆ. ಆಗ ನೂರಕ್ಕೂ ಹೆಚ್ಚು ಮಾಂಟಾಗಳು ಒಂದೇ ಕಡೆ ಸುತ್ತುತ್ತ ಮೇಯುವುದುಂಟು. ಹವಳದ ದಿಬ್ಬಗಳ ಬಳಿ ಸಣ್ಣ ಮೀನುಗಳು ಮಾಂಟಾದ ಮೈಯ ಹುಳು ಹುಪ್ಪಡಿಗಳನ್ನು ಕಿತ್ತು ತಿನ್ನುವ ಜಾಗಗಳಿವೆ. ಮೈ ಶುಚಿ ಮಾಡಿಸಿಕೊಳ್ಳಲು ಹೆಣ್ಣುಗಳು ಅಲ್ಲಿಗೆ ಬಂದಾಗ ಗಂಡುಗಳೂ ಬಂದು ಸೇರುತ್ತವೆ. ಬೆನ್ನು ಹತ್ತುವ ಓಟ ಹೆಚ್ಚಾಗಿ ಆರಂಭವಾಗುವುದು ಅಲ್ಲಿಯೇ.

ಮಾಲ್ಡೀವ್ಸ್ ಸರ್ಕಾರ 1995ರಲ್ಲಿ ಮಾಂಟಾಗಳ ರಫ್ತನ್ನು ನಿಲ್ಲಿಸಿತು. 2009ರಲ್ಲಿ ಹನಿಫಾರು ಕೊಲ್ಲಿಗೆ ರಕ್ಷಣೆ ಕೊಟ್ಟಿತು. ಇವನ್ನು ನೋಡಲು ಬರುವ ಪ್ರವಾಸಿಗಳಿಂದ ಅಲ್ಲಿನ ದ್ವೀಪವಾಸಿಗಳಿಗೆ ಆದಾಯವಿದೆ.

ಬೇರೆ ಸಮುದ್ರಗಳಲ್ಲಿ

ಮೆಕ್ಸಿಕೋ ದೇಶದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ 1980ರ ದಶಕದ ಮೊದಲ ಭಾಗದಲ್ಲಿ ಇಟಲಿಯ ವಿಜ್ಞಾನಿ ಜುಸೆಪ್ಪೆ ನೊತಾರ್ಬಾರ್ತೊಲೊ ದಿ ಷಾರಾ ಅವರು ಮೀನುಗಾರರ ಜೊತೆಯಲ್ಲಿದ್ದು, ಅವರು ಹಿಡಿದು ತಂದ ಕೊಂಬಿನ ತೊರಕೆಗಳನ್ನು ಪರೀಕ್ಷಿಸಿದರು. ಒಂದೇ ಕೊಲ್ಲಿಯಲ್ಲಿ ನಾಲ್ಕು ಜಾತಿಗಳು ಅವರಿಗೆ ದೊರೆತವು. ಅವುಗಳಲ್ಲಿ ಒಂದು ಆವರೆಗೆ ಹೆಸರೇ ಇಲ್ಲದ ಹೊಸ ಜಾತಿ. ಅದಕ್ಕೆ 1987ರಲ್ಲಿ ಸಮುದ್ರ ವಿಜ್ಞಾನಿ ವಾಲ್ಟರ್ ಮಂಕ್ ಅವರ ಹೆಸರನ್ನಿಟ್ಟರು.

ಅವರು ಕಂಡ ಮುಖ್ಯ ಸಂಗತಿ ಏನೆಂದರೆ, ಪ್ರತಿಯೊಂದು ಜಾತಿಗೂ ತನ್ನದೇ ಹಂಗಾಮು ಇದೆ. ಬಾಗಿದ ರೆಕ್ಕೆಯ ಒಂದು ಜಾತಿ ವರ್ಷವಿಡೀ ಅಲ್ಲಿತ್ತು. ಬೇಸಿಗೆಯಲ್ಲಿ ಆಳವಿಲ್ಲದ ನೀರಿನಲ್ಲಿ ಕೂಡುವುದು, ಮರಿ ಹಾಕುವುದು ಎರಡೂ ನಡೆಯುತ್ತಿದ್ದವು. ಬಾಲದ ಬುಡದಲ್ಲಿ ಮುಳ್ಳಿರುವ ಇನ್ನೊಂದು ಜಾತಿ ವಸಂತ ಮತ್ತು ಬೇಸಿಗೆಗಳಲ್ಲಿ ಮಾತ್ರ ಬರುತ್ತಿತ್ತು. ಬಂದವು ಹೆಚ್ಚಾಗಿ ಬಲಿತ ಮೀನುಗಳೇ. ಅವುಗಳಿಗೆ ಆ ಕೊಲ್ಲಿ ಮೇಯುವ ಮತ್ತು ಕೂಡುವ ಜಾಗ. ಮಂಕ್ ಹೆಸರಿನ ಸಣ್ಣ ಜಾತಿಯ ಮರಿಗಳು ಅದೇ ಕೊಲ್ಲಿಯ ಒಂದು ದ್ವೀಪದ ಆಳವಿಲ್ಲದ ಖಾರಿಯಲ್ಲಿ ಬೆಳೆಯುತ್ತವೆಂದು ಇತ್ತೀಚಿನ ಅಧ್ಯಯನಗಳಿಂದ ತಿಳಿದಿದೆ. ಕರುಗಳಿಗೆ ಬೇರೆ ಕೊಟ್ಟಿಗೆ ಇದ್ದಂತೆ.

ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಬಳಿ ಸಮುದ್ರದೊಳಗಿನ ಬೆಟ್ಟಗಳ ಮೇಲೆ ಇನ್ನೊಂದು ಜಾತಿಯ ತೊರಕೆಗಳು ಬೇಸಿಗೆಯಲ್ಲಿ ಗುಂಪುಗೂಡುತ್ತವೆ. ಅವುಗಳಲ್ಲಿ ಗಬ್ಬದ ಹೆಣ್ಣುಗಳು ಅನೇಕ.

ಹಂಗಾಮು ಎಂದರೆ ಅಪಾಯ ಎಂಬುದಕ್ಕೂ ಒಂದು ಉದಾಹರಣೆ ಇದೆ. ಮೆಡಿಟರೇನಿಯನ್ ಸಮುದ್ರದ ಗಾಜಾ ಕರಾವಳಿಗೆ ಚಳಿಗಾಲದ ಕೊನೆಗೆ ಕೊಂಬಿನ ತೊರಕೆಗಳು ಬರುತ್ತವೆ. 2013ರ ಫೆಬ್ರವರಿಯಲ್ಲಿ ಅಲ್ಲಿ ಒಮ್ಮೆಗೇ ನೂರಾರು ತೊರಕೆಗಳು ದಡ ಸೇರಿದವು. ಆ ಕರಾವಳಿಯಲ್ಲಿ ಹಿಡಿದ ತೊರಕೆಗಳನ್ನು ಪರೀಕ್ಷಿಸಿದಾಗ ಬಹುಪಾಲು ಬಲಿತವೆಂದೂ, ಗಂಡುಗಳಲ್ಲಿ ವೀರ್ಯ ಒಸರುತ್ತಿತ್ತೆಂದೂ ತಿಳಿಯಿತು. ಅಂದರೆ ಕೂಡುವುದಕ್ಕೆಂದು ಬಂದವೇ ಬಲೆಗೆ ಬಿದ್ದಿದ್ದವು. ಬೂತಾಯಿಯ ಗುಂಪೊಂದನ್ನು ಹಿಡಿದರೆ ಒಂದು ಬೆಳೆ ಕೊಯ್ದಂತೆ. ಇಂತಹ ಗುಂಪೊಂದನ್ನು ಹಿಡಿದರೆ ಬಿತ್ತನೆ ಬೀಜವನ್ನೇ ಕುಟ್ಟಿ ತಿಂದಂತೆ.

ನಮ್ಮ ಕರಾವಳಿ ಮತ್ತು ಎರಡು ತಿಂಗಳ ರಜೆ

ನಮ್ಮ ದೇಶದ ಎರಡೂ ಕರಾವಳಿಗಳಲ್ಲಿ ಕೊಂಬಿನ ತೊರಕೆಗಳು ಸಿಗುತ್ತವೆ. 2020ರ ಅಕ್ಟೋಬರಿನಲ್ಲಿ ಮಲ್ಪೆ ಬಂದರಿಗೆ ಒಂದೇ ದೋಣಿಯಲ್ಲಿ ಎರಡು ಮಾಂಟಾಗಳು ಬಂದುದನ್ನೂ, ಒಂದು ಸುಮಾರು 750 ಕಿಲೋ, ಇನ್ನೊಂದು ಸುಮಾರು 250 ಕಿಲೋ ತೂಗಿದುದನ್ನೂ ನೀವು ಪತ್ರಿಕೆಗಳಲ್ಲಿ ಓದಿರಬಹುದು. ನಮ್ಮಲ್ಲಿ ಇದರ ಮಾಂಸಕ್ಕೆ ಅಂಜಲ್‌ನಂತಹ ಬೆಲೆ ಇಲ್ಲ. ಹೆಚ್ಚಿನದು ಉಪ್ಪು ಹಾಕಿ ಒಣಗಿಸಲು ಹೋಗುತ್ತದೆ. ಬೆಲೆ ಬಂದದ್ದು ಕಿವಿರಿನ ಜಾಲರಿಗೆ. ಅದನ್ನು ಒಣಗಿಸಿ ಚೀನಾದ ಕಡೆ ಮದ್ದೆಂದು ಮಾರುತ್ತಾರೆ. ಅದರಿಂದ ಯಾವ ರೋಗ ಗುಣವಾಗುತ್ತದೆಂಬುದಕ್ಕೂ ಆಧಾರವಿಲ್ಲ. ಆದರೆ ಆ ಬೇಡಿಕೆಯಿಂದ ಹಲವು ದೇಶಗಳಲ್ಲಿ ಇವುಗಳ ಸಂಖ್ಯೆ ಬಹಳ ಕುಗ್ಗಿದೆ.

ಇಲ್ಲಿ ನಿಮ್ಮಲ್ಲಿ ಒಂದು ಪ್ರಶ್ನೆ ಏಳಬಹುದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲೇ ಇರುತ್ತವಲ್ಲ, ಆ ರಜೆ ಸಾಲದೇ? ಬಂಗುಡೆಯಂತಹ ಮೀನಿಗೆ ಆ ರಜೆಯಿಂದ ಪ್ರಯೋಜನವಿದೆ. ಮೊಟ್ಟೆ ಇಡಲು, ಮರಿ ಚೇತರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಕೊಂಬಿನ ತೊರಕೆಗೆ ಅದು ಸಾಲದು. ಗಬ್ಬವೇ 12 ತಿಂಗಳು. ಜೂನಿನಲ್ಲಿ ಉಳಿದ ಗಬ್ಬದ ಹೆಣ್ಣು ಆಗಸ್ಟಿನಲ್ಲೂ ಗಬ್ಬದಲ್ಲೇ ಇರುತ್ತದೆ, ಜನವರಿಯಲ್ಲೂ ಇರುತ್ತದೆ. ವರ್ಷದ ಯಾವ ತಿಂಗಳಲ್ಲಿ ಹಿಡಿದರೂ ತಾಯಿಯ ಜೊತೆ ಮರಿಯೂ ಹೋಗುವ ಸಂಭವವಿದೆ. ಹೀಗಿರುವಾಗ ಈ ಮೀನನ್ನು ಉಳಿಸುವ ದಾರಿ ಒಂದೇ: ಬಲೆಗೆ ಬಿದ್ದುದನ್ನು ಜೀವಂತವಾಗಿ ಬಿಡುವುದು.

ಕಾನೂನೂ ಅದೇ ದಾರಿಯಲ್ಲಿದೆ. ಮಾಂಟಾಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಗೆ ತರಲು 2013ರಲ್ಲಿಯೂ, ಉಳಿದ ಕೊಂಬಿನ ತೊರಕೆಗಳ ವ್ಯಾಪಾರಕ್ಕೆ 2016ರಲ್ಲಿಯೂ ರಾಷ್ಟ್ರಗಳು ಒಪ್ಪಿದವು. ಹಿಂದೂ ಮಹಾಸಾಗರದ ಟ್ಯೂನಾ ಆಯೋಗ 2019ರಲ್ಲಿ ಇವುಗಳನ್ನು ಬೇಕೆಂದು ಹಿಡಿಯಬಾರದು, ಬಲೆಗೆ ಬಿದ್ದರೆ ಬಿಡಬೇಕು ಎಂದು ನಿರ್ಣಯ ಮಾಡಿತು. ಹೊಟ್ಟೆಪಾಡಿನ ಸಣ್ಣ ಮೀನುಗಾರಿಕೆಗೆ ವಿನಾಯಿತಿ ಇಟ್ಟಿತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಟ್ಟಿಗಳಲ್ಲಿ ಶಾರ್ಕ್ ಹಾಗೂ ತೊರಕೆಗಳ ಹಲವು ಜಾತಿಗಳು ಸೇರಿವೆ. ಸಮುದ್ರಕ್ಕೆ ಹೊರಡುವ ಮೊದಲು ಆ ಪಟ್ಟಿಯನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ನೋಡಿಕೊಳ್ಳಿರಿ.

ಬಲೆಗೆ ಬಿದ್ದರೆ ಏನು ಮಾಡಬೇಕು?

1. ಬಲೆ ಹಾಕುವ ಮೊದಲೇ ತೊರಕೆಗಳ ಗುಂಪು ಕಂಡರೆ ಸ್ವಲ್ಪ ದೂರ ಸರಿದು ಬಲೆ ಹಾಕಿರಿ. ಇದರಿಂದ ಬಲೆಯೂ ಹರಿಯದೆ ಉಳಿಯುತ್ತದೆ.

2. ಪರ್ಸೀನ್ ಬಲೆಯೊಳಗೆ ಬಂದರೆ, ಬಲೆ ಬಿಗಿಯುವ ಮೊದಲು ತೇಲುಬೆಂಡಿನ ಹಗ್ಗವನ್ನು ಒಂದು ಕಡೆ ತಗ್ಗಿಸಿ ಹೊರಹೋಗಲು ದಾರಿ ಮಾಡಿರಿ. ಸಾಧ್ಯವಾದಷ್ಟು ನೀರಿನಲ್ಲಿರುವಾಗಲೇ ಬಿಡುವುದು ಉತ್ತಮ.

3. ಗಿಲ್‌ನೆಟ್ ಬಲೆಗೆ ಸಿಕ್ಕಿಕೊಂಡಿದ್ದರೆ ಮೀನನ್ನು ಎಳೆದಾಡದೆ, ಸುತ್ತಿಕೊಂಡ ಕಡೆ ಬಲೆಯ ನೂಲನ್ನು ಕತ್ತರಿಸಿರಿ.

4. ಕೊಕ್ಕೆ ಚುಚ್ಚಬಾರದು. ಕೊಂಬು, ಕಿವಿರಿನ ಸೀಳು ಅಥವಾ ಬಾಲ ಹಿಡಿದು ಎತ್ತಬಾರದು. ಹಗ್ಗ ಪೋಣಿಸಲು ರೆಕ್ಕೆಯಲ್ಲಿ ತೂತು ಮಾಡಬಾರದು. ಕಿವಿರು ಹರಿದ ತೊರಕೆ ಬಿಟ್ಟರೂ ಬದುಕುವುದು ಕಷ್ಟ.

5. ದೋಣಿಗೆ ಬಂದದ್ದು ಚಿಕ್ಕದಾದರೆ ಇಬ್ಬರು ಮೂವರು ಎರಡೂ ರೆಕ್ಕೆಯ ಕಡೆ ಹಿಡಿದು, ದೊಡ್ಡದಾದರೆ ದಪ್ಪ ಟಾರ್ಪಾಲಿನ ಅಥವಾ ಬಲೆಯ ತುಂಡಿನ ಮೇಲೆ ಇರಿಸಿ, ತಡಮಾಡದೆ ನೀರಿಗೆ ಇಳಿಸಿರಿ.

6. ಕೆಲವು ಜಾತಿಗಳ ಬಾಲದ ಬುಡದಲ್ಲಿ ಮುಳ್ಳಿರುತ್ತದೆ. ಕೈಯನ್ನು ಅಲ್ಲಿಂದ ದೂರವಿಡಿರಿ.

7. ದಿನಾಂಕ, ಸ್ಥಳ, ಮಾರು ಲೆಕ್ಕದಲ್ಲಿ ಆಳ, ಗಂಡೋ ಹೆಣ್ಣೋ, ರೆಕ್ಕೆಯ ಅಗಲ, ಇಷ್ಟನ್ನು ದೋಣಿಯ ಪುಸ್ತಕದಲ್ಲಿ ಎರಡು ಸಾಲು ಬರೆದಿಡಿರಿ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ವಿಸ್ತರಣಾ ಕಾರ್ಯಕರ್ತರು ಇದನ್ನು ತಿಂಗಳಿಗೊಮ್ಮೆ ಒಟ್ಟುಗೂಡಿಸಬೇಕು. ಮೆಕ್ಸಿಕೋದ ಹಂಗಾಮು ತಿಳಿದದ್ದು ಅಲ್ಲಿನ ಮೀನುಗಾರರು ತಂದ ಮೀನಿನಿಂದ. ನಮ್ಮ ಕರಾವಳಿಯ ಹಂಗಾಮಿನ ಲೆಕ್ಕ ನಿಮ್ಮ ಪುಸ್ತಕಗಳಿಂದ ಆಗಬೇಕು.

ಬಾಂಧವರೇ, ಹರಿದ ಬಲೆಯ ನಷ್ಟ, ಕಳೆದುಹೋದ ಹೊತ್ತು, ಡೀಸೆಲಿನ ಖರ್ಚು ಇವೆಲ್ಲ ನನಗೆ ತಿಳಿಯದ ವಿಷಯಗಳಲ್ಲ. ಕೈಗೆ ಬಂದುದನ್ನು ನೀರಿಗೆ ಬಿಡಿ ಎಂದು ದಡದಲ್ಲಿ ನಿಂತು ಹೇಳುವುದು ಸುಲಭ. ಸಾಲದ ಕಂತು ಕಟ್ಟಬೇಕಾದವರಿಗೆ ಅದು ಸುಲಭವಲ್ಲ. ಆದರೆ ಲೆಕ್ಕ ಹಾಕಿ ನೋಡಿರಿ. ಬಿಟ್ಟ ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಹಾಕುವ ಮರಿಗಳು ಕೈಬೆರಳಿನಲ್ಲಿ ಎಣಿಸುವಷ್ಟು ಮಾತ್ರ. ಅದರಲ್ಲಿ ಒಂದನ್ನು ಕಳೆದುಕೊಂಡರೂ ತುಂಬಿಕೊಳ್ಳಲು ವರ್ಷಗಳು ಬೇಕು.

ಆ ದಿನ ಬಂದರಿನಲ್ಲಿ ಪ್ರಶ್ನೆ ಕೇಳಿದ ತಾಂಡೇಲರು ಮುಂದಿನ ವರ್ಷ ಸಿಕ್ಕಾಗ, "ಮೇಷ್ಟ್ರೇ, ಮೊನ್ನೆ ಒಂದು ಕೊಂಬಿನ ತೊರಕೆ ಬಿದ್ದಿತ್ತು. ನೂಲು ಕತ್ತರಿಸಿ ಬಿಟ್ಟೆವು. ಹೆಣ್ಣು. ಎಡರೆಕ್ಕೆಯಲ್ಲಿ ಕಲೆ ಇತ್ತು" ಎಂದರು. ದಿನಾಂಕವನ್ನೂ, ಎಷ್ಟು ಮಾರು ನೀರು ಎಂಬುದನ್ನೂ ಪುಸ್ತಕ ತೆರೆದು ತೋರಿಸಿದರು. ನಿಮ್ಮ ಪುಸ್ತಕಗಳಲ್ಲೂ ಅಂತಹ ಎರಡು ಸಾಲುಗಳನ್ನು ನೋಡುವ ಆಸೆಯಿಂದ ನನ್ನ ಮಾತನ್ನು ಮುಗಿಸುತ್ತೇನೆ.